ಸೊಂಟದ ಬಟ್ಟಲಿನ ಮುರಿತ: 3ಡಿ ಮಾದರಿಯ ಮೇಲೆ ಪ್ಲೇಟ್ ಬಗ್ಗಿಸಿಕೊಳ್ಳುವುದು ಎಷ್ಟು ಸರಿ?

ಪ್ರಶ್ನೆ (ಆರ್ಥೋಪೆಡಿಕ್ಸ್ ಪಿಜಿ, ಎರಡನೇ ವರ್ಷ):
ಬೈಕಿನಿಂದ ಬಿದ್ದು ಬಲಗಡೆಯ ಅಸಿಟಾಬ್ಯುಲಮ್ (ತೊಡೆಮೂಳೆಯ ತಲೆ ಕೂರುವ ಸೊಂಟದ ಬಟ್ಟಲು) ಮುರಿದುಕೊಂಡಿರುವ ರೋಗಿಯೊಬ್ಬರಿಗಾಗಿ, ಸಿ.ಟಿ. ಸ್ಕ್ಯಾನ್ ಆಧರಿಸಿ ಪೆಲ್ವಿಸ್‌ನ ಮಾದರಿಯನ್ನು 3ಡಿ ಪ್ರಿಂಟ್ ಮಾಡಿಸಿ, ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ಮುರಿದ ಮೂಳೆಯನ್ನು ಹಿಡಿದಿಡುವ ಲೋಹದ ಪ್ಲೇಟನ್ನು ಅದರ ಮೇಲಿಟ್ಟು ಬಗ್ಗಿಸಿಕೊಳ್ಳಬೇಕೆಂದಿದ್ದೇವೆ. ಆದರೆ ಕಳೆದ ಸಲ ಮಾಡಿಸಿದ ಮಾದರಿಯಲ್ಲಿ ತೆಳುವಾದ ಮೂಳೆಯಿರುವ ಕಡೆ ತೂತುಗಳಿದ್ದವು, ತೊಡೆಮೂಳೆಯ ತಲೆ ಬಟ್ಟಲಿಗೇ ಅಂಟಿಕೊಂಡಿತ್ತು. ಇದು ಪ್ರಿಂಟರಿನ ದೋಷವೇ? ಮಾದರಿಯನ್ನು ಥಿಯೇಟರಿನೊಳಗೆ ಒಯ್ಯಬಹುದೇ?

ಉತ್ತರ 1 (ರೇಡಿಯಾಲಜಿಸ್ಟ್):
ನೀವು ಹೇಳಿದ ಎರಡೂ ದೋಷಗಳು ಹೆಚ್ಚಾಗಿ ಪ್ರಿಂಟರಿಗೆ ಫೈಲ್ ಹೋಗುವ ಮೊದಲೇ ಹುಟ್ಟಿಕೊಳ್ಳುತ್ತವೆ. ವರದಿಗೆಂದು ಕಳುಹಿಸುವ 5 ಮಿ.ಮೀ. ದಪ್ಪದ ಸ್ಲೈಸ್‌ಗಳಿಂದ ಮಾದರಿ ಮಾಡಬೇಡಿ, 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಸ್ಲೈಸ್‌ಗಳನ್ನು ಕೇಳಿ ಪಡೆಯಿರಿ, ಮತ್ತು ಮೂಲ ದತ್ತಾಂಶವನ್ನು ಯಂತ್ರದಿಂದ ಅಳಿಸುವ ಮೊದಲೇ ಕೇಳಿ. ಮುಂದಿನದು ಹೌನ್ಸ್‌ಫೀಲ್ಡ್ ಮಿತಿಯ (ಸಿ.ಟಿ.ಯಲ್ಲಿ ಎಷ್ಟು ಸಾಂದ್ರತೆಯ ಮೇಲಿನದನ್ನು ಮೂಳೆಯೆಂದು ಎಣಿಸಬೇಕೆಂಬ ಗಡಿ) ಆಯ್ಕೆ. ಮಿತಿಯನ್ನು ಏರಿಸಿದರೆ ಕ್ವಾಡ್ರಿಲ್ಯಾಟರಲ್ ಪ್ಲೇಟಿನಂತಹ (ಇದು ಲೋಹದ ಪ್ಲೇಟಲ್ಲ, ಬಟ್ಟಲಿನ ಒಳಬದಿಯ ಮೂಳೆ) ತೆಳು ಮೂಳೆ, ಸುತ್ತಲಿನ ಮೃದು ಅಂಗಾಂಶದೊಂದಿಗೆ ಸರಾಸರಿಯಾಗಿ ಮಸುಕಾಗಿರುವುದರಿಂದ, ಮಾಯವಾಗಿ ತೂತು ಉಳಿಯುತ್ತದೆ. ಇಳಿಸಿದರೆ ಕೀಲಿನ ಸಂದು ತುಂಬಿಕೊಂಡು ತಲೆ ಮತ್ತು ಬಟ್ಟಲು ಬೆಸೆದುಕೊಳ್ಳುತ್ತವೆ. ಎರಡನ್ನೂ ಒಂದೇ ಮಿತಿ ಸರಿಪಡಿಸಲಾರದು. ಆದ್ದರಿಂದ ಸ್ಲೈಸ್ ಸ್ಲೈಸ್ ನೋಡುತ್ತಾ ಮೂಳೆಗಳನ್ನು ಕೈಯಿಂದಲೇ ಗುರುತಿಸಿ ಬೇರ್ಪಡಿಸಬೇಕು, ಮತ್ತು ಆ ಕೆಲಸದಲ್ಲಿ ಮುರಿತದ ಗೆರೆ ಯಾವುದೆಂದು ಬಲ್ಲ ನೀವೂ ಪಕ್ಕದಲ್ಲಿ ಕೂರಬೇಕು. ತಂತ್ರಜ್ಞರೊಬ್ಬರಿಗೇ ಬಿಟ್ಟರೆ, ಅವರು ಅಂದಕ್ಕಾಗಿ ಮುಚ್ಚಿದ ತೂತು ನಿಜವಾದ ಮುರಿತವೇ ಆಗಿರಬಹುದು.

ಉತ್ತರ 2 (ಎಂಜಿನಿಯರಿಂಗ್ ಕಾಲೇಜಿನ ಪ್ರಿಂಟಿಂಗ್ ಲ್ಯಾಬ್):
ಎಸ್‌ಟಿಎಲ್ ಫೈಲಿನಲ್ಲಿ (ಪ್ರಿಂಟಿಗೆ ಕಳುಹಿಸುವ 3ಡಿ ಆಕಾರದ ಫೈಲ್) ಅಳತೆಯ ಮಾನವೇ ದಾಖಲಾಗಿರುವುದಿಲ್ಲ. ಆದ್ದರಿಂದ ಸಿ.ಟಿ.ಯಲ್ಲಿ ಗುರುತಿಸಿದ ಎರಡು ಬಿಂದುಗಳ ಅಂತರವನ್ನು ಮುದ್ರಿತ ಮಾದರಿಯ ಮೇಲೆ ವರ್ನಿಯರ್ ಕ್ಯಾಲಿಪರಿನಿಂದ ಅಳೆದು ತಾಳೆ ನೋಡದೆ ಮಾದರಿಯನ್ನು ಹೊರಗೆ ಕೊಡುವುದಿಲ್ಲ. ಪಿಎಲ್‌ಎ (3ಡಿ ಪ್ರಿಂಟಿಂಗಿನ ಒಂದು ಪ್ಲಾಸ್ಟಿಕ್) ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೇ ಮೆತ್ತಗಾಗುತ್ತದೆ, ಆಟೋಕ್ಲೇವ್‌ನ (ಹಬೆಯಿಂದ ಉಪಕರಣಗಳ ಕ್ರಿಮಿ ಕೊಲ್ಲುವ ಯಂತ್ರ) 121 ಡಿಗ್ರಿಯಲ್ಲಿ ಆಕಾರ ಕಳೆದುಕೊಳ್ಳುತ್ತದೆ. ಅಂತಹ ಮಾದರಿಯನ್ನು ಸ್ಟೆರೈಲ್ ಜಾಗದಿಂದ ದೂರವಿಟ್ಟು ನೋಡಲಷ್ಟೇ ಬಳಸಿ. ಬಗ್ಗಿಸಿದ ಪ್ಲೇಟನ್ನು ಮಾತ್ರ ತೊಳೆದು ಆಟೋಕ್ಲೇವ್ ಮಾಡಿಸಿ. ಫೈಲ್ ಕಳುಹಿಸುವಾಗ ರೋಗಿಯ ಹೆಸರು, ಆಸ್ಪತ್ರೆಯ ಸಂಖ್ಯೆಗಳನ್ನು ದಯವಿಟ್ಟು ತೆಗೆದುಹಾಕಿ.

ಉತ್ತರ 3 (ಟ್ರಾಮಾ ಸರ್ಜನ್):
ಮುರಿದು ಸರಿದಿರುವ ಬಲಭಾಗದ ಮಾದರಿಯ ಮೇಲೆ ಪ್ಲೇಟ್ ಬಗ್ಗಿಸಿದರೆ, ಪ್ಲೇಟು ಆ ತಪ್ಪು ಆಕಾರವನ್ನೇ ಪಡೆಯುತ್ತದೆ. ಎಡಭಾಗಕ್ಕೆ ಪೆಟ್ಟಾಗಿಲ್ಲವೆಂದು ಖಚಿತಪಡಿಸಿಕೊಂಡು, ಅದನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಮುದ್ರಿಸಿ, ಪ್ಲೇಟನ್ನು ಅದರ ಮೇಲೆ ಬಗ್ಗಿಸಿ. ಮುರಿದ ಭಾಗದ ಮಾದರಿಯೂ ಬೇಕು, ಆದರೆ ಅದು ತುಂಡುಗಳನ್ನು ಓದುವುದಕ್ಕೆ. ಹಿಂಭಾಗದ ಗೋಡೆಯ ತುಂಡನ್ನು ಹೆಬ್ಬೆರಳಿನಿಂದ ತಡವಿ ನೋಡಿದಾಗ, ಪರದೆಯ ಮೇಲೆ ಎಷ್ಟು ತಿರುಗಿಸಿದರೂ ಹೊಳೆಯದ ಅದರ ವಾಲಿಕೆ ನನಗೆ ಹಲವು ಸಲ ಥಟ್ಟನೆ ಅರ್ಥವಾಗಿದೆ.

ಪ್ಲೇಟನ್ನು ಅತ್ತಿತ್ತ ಪದೇಪದೇ ಬಗ್ಗಿಸಬೇಡಿ, ಲೋಹ ಸೋಲುತ್ತದೆ. ಸಯಾಟಿಕ್ ನರ, ಸ್ನಾಯು, ಕೀಲಿನ ಮೃದ್ವಸ್ಥಿ ಯಾವುದೂ ಮಾದರಿಯಲ್ಲಿರುವುದಿಲ್ಲ. ಮಾದರಿಯಲ್ಲಿ ಸಲೀಸಾಗಿ ಕೂತ ಪ್ಲೇಟಿಗೆ ರೋಗಿಯಲ್ಲಿ ದಾರಿ ಸಿಗದಿರಬಹುದು. ಮೂಳೆಗೆ ಪ್ಲೇಟ್ ಕೂರದಿದ್ದರೆ ಸ್ಕ್ರೂ ಬಿಗಿದು ಎಳೆಯುವ ಮೊದಲು ತುಂಡುಗಳು ಸರಿಯಾಗಿ ಕೂಡಿವೆಯೇ ಎಂದು ಸಿ-ಆರ್ಮ್‌ನಲ್ಲಿ (ಥಿಯೇಟರಿನಲ್ಲೇ ಬಳಸುವ ಎಕ್ಸ್-ರೇ ಯಂತ್ರ) ನೋಡಿ.