ಎಕ್ಸೆಲ್‌ನಲ್ಲಿ ಬಾಣದ ಕೀಲಿ ಒತ್ತಿದರೆ ಸೆಲ್ ಬದಲಾಗದೆ ಹಾಳೆಯೇ ಜಾರುತ್ತಿದೆ

ಅಡಿಕೆ ಲೆಕ್ಕಿಗ, ತೀರ್ಥಹಳ್ಳಿ:

ನಮ್ಮೂರಿನ ಕೆಲವು ಬೆಳೆಗಾರರ ಅಡಿಕೆ ಲೆಕ್ಕವನ್ನು ನಾನು ಎಕ್ಸೆಲ್‌ನಲ್ಲಿ ಬರೆದಿಡುತ್ತೇನೆ. ಹೆಸರು, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ ಎಂಬ ವಿವರ, ಚೀಲ, ತೂಕ, ದರ, ಹೀಗೆ ಸಾಲಿಗೆ ಐದು ಅಂಕಣಗಳಿವೆ. ದಿನವಿಡೀ ಮೌಸ್ ಹಿಡಿದು ಮಣಿಕಟ್ಟು ನೋಯತೊಡಗಿದ್ದರಿಂದ, ಆದಷ್ಟೂ ಕೀಲಿಮಣೆಯಲ್ಲೇ ಕೆಲಸ ಮುಗಿಸುವುದೆಂದು ಕಳೆದ ತಿಂಗಳು ನಿಶ್ಚಯಿಸಿದೆ. ಆದರೆ ಕೆಲವೊಮ್ಮೆ ಬಲಬಾಣದ ಕೀಲಿ ಒತ್ತಿದಾಗ ಪಕ್ಕದ ಸೆಲ್‌ಗೆ ಹೋಗುವ ಬದಲು ಇಡೀ ಹಾಳೆ ಎಡಕ್ಕೆ ಜಾರುತ್ತದೆ. ಹಸಿರು ಚೌಕ ಇದ್ದ ಸೆಲ್‌ನಲ್ಲೇ ಉಳಿಯುತ್ತದೆ. ಕಂಪ್ಯೂಟರ್ ಮುಚ್ಚಿ ತೆರೆದರೆ ಸರಿಹೋಗುತ್ತದೆ, ಸಂಜೆಯೊಳಗೆ ಮತ್ತೆ ಅದೇ ಕತೆ. ಕೊನೆಗೆ ಮೌಸ್‌ಗೇ ಕೈ ಹಾಕಬೇಕಾಗಿ ಬರುತ್ತಿದೆ.

ಹೊಸನಗರದ ಓದುಗ:

ಮಳೆಗಾಲದಲ್ಲಿ ನಮ್ಮ ಕಡೆ ಕೀಲಿಗಳ ಅಡಿಗೆ ಥಂಡಿ ಸೇರಿ ಒಂದೆರಡು ಕೀಲಿ ಕೈಕೊಡುವುದು ಹೊಸದಲ್ಲ. ನೋಟ್‌ಪ್ಯಾಡ್ ತೆರೆದು ನಾಲ್ಕು ಸಾಲು ಬರೆದು ಬಾಣದ ಕೀಲಿಗಳನ್ನು ಒತ್ತಿ ನೋಡಿ. ಅಲ್ಲಿಯೂ ತೊಂದರೆ ಕಂಡರೆ ಕೀಲಿಮಣೆಯದೇ ದೋಷ.

ಅಡಿಕೆ ಲೆಕ್ಕಿಗ, ತೀರ್ಥಹಳ್ಳಿ:

ನೋಟ್‌ಪ್ಯಾಡ್‌ನಲ್ಲಿ ಎಲ್ಲವೂ ಸರಿಯಾಗಿದೆ. ಇನ್ನೊಂದು ಸಂಗತಿ ಈಗ ಗಮನಕ್ಕೆ ಬಂತು: ಹೆಸರಿನ ಅಂಕಣವನ್ನು ನುಡಿ ತಂತ್ರಾಂಶದಲ್ಲಿ ಕನ್ನಡದಲ್ಲಿ ತುಂಬಿದ ಮೇಲೆಯೇ ಹಾಳೆ ಜಾರತೊಡಗುತ್ತದೆ.

ಸಾಗರದ ಹಳೆಯ ಸದಸ್ಯ:

ಹಾಗಾದರೆ ಕೀಲಿಮಣೆ ನಿರಪರಾಧಿ. ನುಡಿಯಲ್ಲಿ ಇಂಗ್ಲಿಷ್‌ನಿಂದ ಕನ್ನಡಕ್ಕೆ ಹೊರಳಲು ನಾವು ಒತ್ತುವುದು ಸ್ಕ್ರಾಲ್ ಲಾಕ್ ಕೀಲಿಯನ್ನು. ಅದೇ ಕೀಲಿ ಚಾಲೂ ಇದ್ದಾಗ ಬಾಣದ ಕೀಲಿಗಳು ಸೆಲ್ ಬದಲಿಸುವುದನ್ನು ಬಿಟ್ಟು ಹಾಳೆಯನ್ನು ಸರಿಸಬೇಕೆಂಬುದು ಎಕ್ಸೆಲ್‌ನ ನಿಯಮ. ಬಹುತೇಕ ಬೇರೆ ತಂತ್ರಾಂಶಗಳು ಆ ಕೀಲಿಯನ್ನು ಲೆಕ್ಕಕ್ಕೇ ಇಡುವುದಿಲ್ಲವಾದ್ದರಿಂದ ನೋಟ್‌ಪ್ಯಾಡ್‌ನಲ್ಲಿ ನಿಮಗೆ ಏನೂ ಕಾಣಲಿಲ್ಲ. ಎಕ್ಸೆಲ್‌ನ ಕೆಳಗಿನ ಪಟ್ಟಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಬರುವ ಆಯ್ಕೆಗಳಲ್ಲಿ ಸ್ಕ್ರಾಲ್ ಲಾಕ್‌ಗೆ ಗುರುತು ಹಾಕಿಕೊಂಡರೆ, ಅದು ಚಾಲೂ ಇರುವಾಗಲೆಲ್ಲ ಅಲ್ಲಿ ಹೆಸರು ಕಾಣಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆ ಕೀಲಿ ಇಲ್ಲದಿದ್ದರೆ ವಿಂಡೋಸ್, ಕಂಟ್ರೋಲ್ ಮತ್ತು ಓ ಕೀಲಿಗಳನ್ನು ಒಟ್ಟಿಗೆ ಒತ್ತಿ, ಪರದೆಯ ಮೇಲೆ ಬರುವ ಕೀಲಿಮಣೆಯಲ್ಲಿ ಅದನ್ನು ಆರಿಸಬಹುದು.

ವಿಂಡೋಸ್‌ನ ಸ್ವಂತ ಕನ್ನಡ ಕೀಲಿಮಣೆಗೆ ಬದಲಾದರೆ ವಿಂಡೋಸ್ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು, ಈ ತಾಪತ್ರಯವೇ ಇರುವುದಿಲ್ಲ. ಆದರೆ ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಎಫ್ ಒತ್ತಿ ಒತ್ತಕ್ಷರ ಮೂಡಿಸುವುದು ಬೆರಳಿಗೆ ಹತ್ತಿದವರಿಗೆ ಆ ಸಲಹೆ ಕೊಡಲು ನನಗೇ ಮನಸ್ಸಿಲ್ಲ, ನಾನೂ ಬದಲಾಗಿಲ್ಲ.

ನನ್ನ ಮಟ್ಟಿಗೆ ನಿಜವಾದ ಪರಿಹಾರ ಬಾಣದ ಕೀಲಿಗಳನ್ನೇ ಬಿಡುವುದು. ಸ್ಕ್ರಾಲ್ ಲಾಕ್ ಚಾಲೂ ಇದ್ದರೂ ಟ್ಯಾಬ್ ಮತ್ತು ಎಂಟರ್ ಎಂದಿನಂತೆಯೇ ನಡೆಯುತ್ತವೆ. ಹೆಸರು ಬರೆದು ಟ್ಯಾಬ್, ಬಗೆ ಬರೆದು ಟ್ಯಾಬ್, ಹೀಗೆ ದರದ ಅಂಕಣದವರೆಗೆ ಹೋಗಿ ಎಂಟರ್ ಒತ್ತಿದರೆ, ಚೌಕ ಮುಂದಿನ ಸಾಲಿನ ಹೆಸರಿನ ಅಂಕಣಕ್ಕೆ ತಾನಾಗಿಯೇ ಬಂದು ನಿಲ್ಲುತ್ತದೆ. ನಡುವೆ ಮೌಸ್‌ನಿಂದ ಬೇರೆಡೆ ಒತ್ತಿದಿರೋ, ಎಲ್ಲಿಂದ ಹೊರಟೆವೆಂಬುದನ್ನು ಎಕ್ಸೆಲ್ ಮರೆತುಬಿಡುತ್ತದೆ. ರಾಶಿ, ಬೆಟ್ಟೆ ಎಂದು ಪ್ರತಿ ಸಾಲಿಗೂ ಬರೆಯುವುದೂ ಬೇಡ. ಆಲ್ಟ್ ಹಿಡಿದು ಕೆಳಬಾಣ ಒತ್ತಿದರೆ ಆ ಅಂಕಣದಲ್ಲಿ ಮೇಲೆ ಬರೆದ ಪದಗಳ ಪಟ್ಟಿ ತೆರೆದುಕೊಳ್ಳುತ್ತದೆ. ಆಗುಂಬೆಯ ಕಡೆ ಗುಡುಗಿದರೆ ನಿಮ್ಮಲ್ಲಿ ಕರೆಂಟು ಹೋಗುತ್ತದೆಯಾದ್ದರಿಂದ ನಾಲ್ಕು ಸಾಲಿಗೊಮ್ಮೆ ಕಂಟ್ರೋಲ್ ಎಸ್ ಒತ್ತಿ.

ಮೌಸನ್ನು ಪೂರ್ತಿ ದೂರ ಮಾಡಬೇಕೆಂಬ ಹಟ ಮಾತ್ರ ಬೇಡ. ಅಂಕಣದ ಅಗಲ ಹೊಂದಿಸಲು, ನಕ್ಷೆಯನ್ನು ಎಳೆದು ಜಾಗಕ್ಕೆ ಕೂರಿಸಲು ಅದೇ ಸಲೀಸು.

ಅಡಿಕೆ ಲೆಕ್ಕಿಗ, ತೀರ್ಥಹಳ್ಳಿ:

ಸ್ಕ್ರಾಲ್ ಲಾಕ್ ದೀಪ ಉರಿಯುತ್ತಲೇ ಇತ್ತು. ನಾನು ಅದನ್ನು ಕನ್ನಡದ ದೀಪವೆಂದೇ ತಿಳಿದಿದ್ದೆ. ಇಂದು ಮೂವತ್ತು ಸಾಲುಗಳನ್ನು ಟ್ಯಾಬ್ ಮತ್ತು ಎಂಟರ್‌ನಿಂದಲೇ ತುಂಬಿದೆ, ಹಾಳೆ ಒಮ್ಮೆಯೂ ಜಾರಲಿಲ್ಲ. ದಿನಾಂಕವನ್ನೂ ಹೀಗೆಯೇ ಹಾಕಲು ದಾರಿಯಿದೆಯೇ?

ಸಾಗರದ ಹಳೆಯ ಸದಸ್ಯ:

ಇದೆ. ನುಡಿಯನ್ನು ಇಂಗ್ಲಿಷ್‌ಗೆ ತಂದುಕೊಂಡು ಕಂಟ್ರೋಲ್ ಹಿಡಿದು ಅರ್ಧವಿರಾಮದ ಕೀಲಿ ಒತ್ತಿ, ಅಂದಿನ ದಿನಾಂಕ ಬರುತ್ತದೆ. ನಾಳೆ ಕಡತ ತೆರೆದಾಗ ಅದು ತಾನಾಗಿ ಬದಲಾಗುವುದಿಲ್ಲ, ಲೆಕ್ಕದ ಪುಸ್ತಕಕ್ಕೆ ಬೇಕಾದದ್ದೂ ಅದೇ.