ಸಹಾಯ ಬೇಕು: ಗಪ್ಪಿ ಮೀನುಗಳ ಹೊಟ್ಟೆಯಲ್ಲಿ ಕೆಂಪು ಹುಳು

ನಮಸ್ಕಾರ. ಮುಂಬಯಿಯ ಮುಲುಂಡ್‌ನಲ್ಲಿದ್ದೇನೆ. ನಮ್ಮ 60 ಲೀಟರ್ ತೊಟ್ಟಿಯ ನಾಲ್ಕು ಗಪ್ಪಿಗಳ ಗುದದ್ವಾರದಿಂದ ಕೆಂಪು ದಾರದಂಥ ಹುಳುಗಳು ಇಣುಕುತ್ತಿವೆ. ಮೀನು ಅಲುಗಾಡದೆ ನಿಂತಾಗ ಮಾತ್ರ ಕಾಣುತ್ತವೆ. ಮೀನಿನ ಕರುಳಲ್ಲಿ ಬೆಳೆಯುವ ಕ್ಯಾಮಲಾನಸ್ ಎಂಬ ದುಂಡುಹುಳು ಎಂದೇ ನನ್ನ ಅನುಮಾನ. ನಿನ್ನೆ ಒಂದು ಗಪ್ಪಿ ಸತ್ತಿತು. ಮಗಳು ರಾತ್ರಿ ಊಟವನ್ನೇ ಮಾಡಲಿಲ್ಲ.

ಅಂಗಡಿಯವರು ಪ್ರಾಜಿಕ್ವಾಂಟೆಲ್ ಕೊಟ್ಟರು. ಅದು ಲಾಡಿಹುಳುವಿಗೆ ಸರಿ, ಈ ದುಂಡುಹುಳುವಿಗೆ ಲೆವಾಮಿಸೋಲ್ ಬೇಕು. ಲೀಟರಿಗೆ 2 ಮಿಲಿಗ್ರಾಂನಂತೆ ಹಾಕಿ, ದೀಪ ಆರಿಸಿಟ್ಟು, ಮರುದಿನ ತಳದ ಕಸವನ್ನು ಹುಳುಗಳ ಸಮೇತ ಪೈಪಿನಿಂದ ಹೀರಿ ತೆಗೆದು ನೀರು ಬದಲಿಸಬೇಕೆಂದಿದ್ದೇನೆ. ಮೂರು ವಾರಕ್ಕೆ ಮತ್ತೊಮ್ಮೆ.

ಠಾಣೆ, ಕುರ್ಲಾ ಕಡೆಯ ಪಶು ಔಷಧದ ಅಂಗಡಿಗಳಲ್ಲಿ ಲೆವಾಮಿಸೋಲ್ ಸಿಗುತ್ತದೆಯೇ? ಮರಿ ಹಾಕಲಿರುವ ಎರಡು ಗಪ್ಪಿಗಳೂ ಅದೇ ತೊಟ್ಟಿಯಲ್ಲಿವೆ. ಅಂಥವಕ್ಕೆ ಕೊಟ್ಟು ನೋಡಿದವರು ದಯವಿಟ್ಟು ಇಂದೇ ತಿಳಿಸಿ.