ಕ್ರಿಯಾವರ್ಧಕದ ‘ಸೆಲೆಕ್ಟಿವಿಟಿ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೀಥೇನ್‌ನಿಂದ ಎಥಿಲೀನ್ ಮಾಡುವ ಬಗ್ಗೆ ಪಿಯುಸಿ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಕ್ಯಾಟಲಿಸ್ಟ್‌ಗೆ (ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ವಸ್ತು) ಕ್ರಿಯಾವರ್ಧಕ, ಕನ್ವರ್ಶನ್‌ಗೆ ಪರಿವರ್ತನೆ, ಯೀಲ್ಡ್‌ಗೆ ಇಳುವರಿ ಸಲೀಸಾಗಿ ಕೂತವು. ಸೆಲೆಕ್ಟಿವಿಟಿಗೆ ‘ಆಯ್ಕೆಸಾಮರ್ಥ್ಯ’ ಎಂದು ಬರೆದೆ. ಕರಡು ಓದಿದ ತಂಗಿಯ ಮಗಳು, “ಅದು ಏನನ್ನ ಆರಿಸತ್ತೆ ದೊಡ್ಡಮ್ಮ? ಬೇರೆ ಗ್ಯಾಸ್‌ಗಳ ನಡುವೆ ಮೀಥೇನನ್ನಾ?” ಅಂದಳು. ಆ ಪದ ನೋಡಿದ ಯಾರಿಗಾದರೂ ಹಾಗೇ ಅನ್ನಿಸೀತು.

ಇಲ್ಲಿ ಲೆಕ್ಕ ಇರುವುದು ಹೊರಬರುವ ಪದಾರ್ಥದ್ದು. ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಥೇನನ್ನೂ ಆಕ್ಸಿಜನ್ನನ್ನೂ ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ ಒಂದೊಂದು ಮೀಥೇನ್ ಒಂದು ಹೈಡ್ರೋಜನ್ ಕಳಕೊಳ್ಳುತ್ತದೆ, ಉಳಿದ ತುಣುಕುಗಳು ಎರಡೆರಡು ಕೂಡಿ ಈಥೇನ್ ಆಗುತ್ತವೆ, ಅದು ಮುಂದೆ ಎಥಿಲೀನ್. ಮ್ಯಾಂಗನೀಸ್ ಮತ್ತು ಸೋಡಿಯಂ ಟಂಗ್‌ಸ್ಟೇಟನ್ನು ಸಿಲಿಕಾದ ಮೇಲೆ ಕೂರಿಸಿದ್ದು ಇದಕ್ಕೆ ಹೆಸರಾದ ಕ್ರಿಯಾವರ್ಧಕ. ಆದರೆ ಹುಟ್ಟಿದ ಎಥಿಲೀನ್ ಮೀಥೇನಿಗಿಂತ ಬೇಗ ಆಕ್ಸಿಜನ್ನಿನ ಕೈಗೆ ಸಿಕ್ಕಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗಿಬಿಡುತ್ತದೆ. 1982ರಲ್ಲಿ ಕೆಲ್ಲರ್ ಮತ್ತು ಭಾಸಿನ್ ಎಂಬ ಸಂಶೋಧಕರು ಈ ದಾರಿ ತೋರಿಸಿದಂದಿನಿಂದ ಕಾಡುತ್ತಿರುವ ತೊಡಕು ಇದೇ. ಪರಿವರ್ತನೆ ಏರಿಸಹೋದರೆ ಸೆಲೆಕ್ಟಿವಿಟಿ ಇಳಿಯುತ್ತದೆ.

100 ಮೀಥೇನ್ ಅಣುಗಳಲ್ಲಿ 30 ಬದಲಾದವು ಅನ್ನಿ. ಆ 30ರ ಕಾರ್ಬನ್ನಿನಲ್ಲಿ 18 ಈಥೇನ್-ಎಥಿಲೀನಿಗೆ ಸೇರಿ, 12 ಉರಿದುಹೋದರೆ ಪರಿವರ್ತನೆ 30%, ಇಳುವರಿ 18%. ಸೆಲೆಕ್ಟಿವಿಟಿ 60%: ಬದಲಾದದ್ದರಲ್ಲಿ ಬೇಕಾದದ್ದಕ್ಕೆ ಸಂದ ಪಾಲು.

ಹಾಗಾಗಿ ಅಂಕಿ ಬರುವಲ್ಲೆಲ್ಲ ‘ಪಾಲು’ ಎಂದೇ ಬರೆಯುವ ಮನಸ್ಸಾಗಿದೆ. “ಈಥೇನ್-ಎಥಿಲೀನಿನ ಪಾಲು 60%” ಓದಲು ಹಗುರ. ಆದರೆ ಕ್ರಿಯಾವರ್ಧಕದ ಗುಣ ಹೇಳುವಾಗ ಅದು ಸಾಲದು. ‘ವರಣಶೀಲತೆ’ ಮಕ್ಕಳ ಬಾಯಲ್ಲಿ ನಿಲ್ಲಲಾರದು. ‘ಒಲವು’ ಚೆನ್ನಾಗಿದೆ, “ಎಥಿಲೀನಿನ ಕಡೆ ಒಲವಿರುವ ಕ್ರಿಯಾವರ್ಧಕ” ಅನ್ನಬಹುದು. ಆದರೆ “ಒಲವನ್ನು ಸುಧಾರಿಸುವುದು” ಕಿವಿಗೆ ಒಗ್ಗುವುದಿಲ್ಲ. “ಒಲವು ಹೆಚ್ಚಿಸುವುದು” ಆದೀತೇನೋ.

ಬರೆಯುತ್ತಾ ಅಕ್ಕಿ ಗಿರಣಿ ನೆನಪಾಯಿತು. ಅಲ್ಲೂ ಭತ್ತ ಎಷ್ಟು ಹಾಕಿದೆವು ಅನ್ನುವುದೊಂದು, ಬಂದದ್ದರಲ್ಲಿ ಇಡಿ ಅಕ್ಕಿ ಎಷ್ಟು, ನುಚ್ಚೆಷ್ಟು ಅನ್ನುವುದು ಇನ್ನೊಂದು. ಜಾಸ್ತಿ ಪಾಲಿಶ್ ಕೊಟ್ಟರೆ ಕಾಳು ಒಡೆದು ನುಚ್ಚು ಹೆಚ್ಚುತ್ತದೆ. ಎಥಿಲೀನ್ ಉರಿದುಹೋಗುವುದಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ. ನುಚ್ಚಾಗಿಸದೆ ಇಡಿ ಅಕ್ಕಿ ಕೊಡುವ ಯಂತ್ರದ ಆ ಗುಣಕ್ಕೆ ನಿಮ್ಮ ಕಡೆಯ ಗಿರಣಿಯವರು ಏನಾದರೂ ಪದ ಬಳಸುತ್ತಾರೆಯೇ? ಗಾಣದವರು, ಆಲೆಮನೆಯವರು? ಇದ್ದರೆ, ಅವರು ಹೇಳುವ ವಾಕ್ಯವನ್ನೇ ಹಾಗ್ಹಾಗೇ ಬರೆದು ಕಳಿಸಿ.